ನೀಲಿ ಕಣ್ಣು, ಕಂದು ಕಣ್ಣು: ಹಳ್ಳಿ ಶಾಲೆಯ ಪಾಠವೊಂದು ಯೂನಿವರ್ಸಿಟಿ ತಲುಪಿದ ಕಥೆ

1968ರ ಏಪ್ರಿಲ್ 5, ಶುಕ್ರವಾರ. ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಊರು. ಸುತ್ತ ಮೆಕ್ಕೆಜೋಳದ ಹೊಲ, ಹಂದಿ ಸಾಕಣೆ. ಊರಿನ ಜನಸಂಖ್ಯೆ ಸಾವಿರವೂ ಇಲ್ಲ. ನಮ್ಮ ಕಡೆ ಲೆಕ್ಕದಲ್ಲಿ ಅದೊಂದು ಸಣ್ಣ ಹಳ್ಳಿ ಅಷ್ಟೆ. ಊರಲ್ಲಿದ್ದವರೆಲ್ಲ ಬಿಳಿಯರು. ಕಪ್ಪು ಜನರನ್ನು ಅಲ್ಲಿನ ಮಕ್ಕಳು ಟಿವಿಯಲ್ಲಿ ನೋಡಿದ್ದರೇ ಹೊರತು ಎದುರು ಕೂತು ಮಾತಾಡಿದವರಲ್ಲ.

ಹಿಂದಿನ ದಿನ ಸಂಜೆ ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದಿದ್ದರು. ಕಪ್ಪು ಜನರಿಗೆ ಸಮಾನ ಹಕ್ಕು ಕೇಳಿ ಹೋರಾಡಿದ, ಗಾಂಧೀಜಿ ದಾರಿಯನ್ನು ಮೆಚ್ಚಿಕೊಂಡಿದ್ದ ನಾಯಕ. ರೈಸ್‌ವಿಲ್ ಶಾಲೆಯ ಮೂರನೇ ತರಗತಿ ಮಕ್ಕಳು ಎರಡು ತಿಂಗಳ ಹಿಂದಷ್ಟೇ ಅವರ ಬಗ್ಗೆ ಪಾಠ ಕೇಳಿದ್ದರು. ಬೆಳಿಗ್ಗೆ ತರಗತಿಗೆ ಬಂದ ಹುಡುಗನೊಬ್ಬ, ಕಿಂಗ್ ಅವರನ್ನು ಯಾಕೆ ಕೊಂದರು ಎಂದು ಕೇಳಿದ.

ಆ ತರಗತಿಯ ಟೀಚರ್ ಹೆಸರು ಜೇನ್ ಎಲಿಯಟ್. ಅದೇ ಊರಿನ ಹತ್ತಿರದ ಹೊಲಮನೆಯಲ್ಲಿ 1933ರಲ್ಲಿ ಹುಟ್ಟಿದ ರೈತರ ಮಗಳು. ಟೀಚರ್ ಟ್ರೈನಿಂಗ್ ಮುಗಿಸಿ ತಮ್ಮ ಊರಿನ ಮಕ್ಕಳಿಗೇ ಪಾಠ ಹೇಳುತ್ತಿದ್ದರು. ಹಿಂದಿನ ರಾತ್ರಿ ಟಿವಿಯಲ್ಲಿ ಬಿಳಿಯ ವರದಿಗಾರನೊಬ್ಬ ಕಪ್ಪು ಮುಖಂಡರನ್ನು, ಇನ್ನು ನಿಮ್ಮ ಜನರನ್ನು ಹತೋಟಿಯಲ್ಲಿ ಇಡುವವರು ಯಾರು ಎಂಬ ಧಾಟಿಯಲ್ಲಿ ಕೇಳಿದ್ದು ಅವರ ಹೊಟ್ಟೆಗೆ ಬೆಂಕಿ ಹಾಕಿತ್ತು. ಇದನ್ನು ಅವರೇ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ.

ಎಂಟು ವರ್ಷದ ಮಕ್ಕಳಿಗೆ ಭಾಷಣ ಮಾಡಿದರೆ ಏನು ತಿಳಿದೀತು? ಅವರು ಭಾಷಣ ಮಾಡಲಿಲ್ಲ. ಕಪ್ಪು ಮಗುವಾಗಿ ಬದುಕುವುದು ಹೇಗಿರುತ್ತದೆ ಎಂದು ತಿಳಿಯಬೇಕಾ ಎಂದು ಮಕ್ಕಳನ್ನೇ ಕೇಳಿದರು. ಮಕ್ಕಳು ಹೂಂ ಎಂದರು.

ಪೇಪರ್ ಕಪ್

ಟೀಚರ್ ತರಗತಿಯನ್ನು ಕಣ್ಣಿನ ಬಣ್ಣದ ಮೇಲೆ ಎರಡು ಪಾಲು ಮಾಡಿದರು. ಒಂದು ಕಡೆ ನೀಲಿ ಕಣ್ಣಿನವರು, ಇನ್ನೊಂದು ಕಡೆ ಕಂದು ಕಣ್ಣಿನವರು. ಒಂದು ಬಣ್ಣದವರು ಹೆಚ್ಚು ಬುದ್ಧಿವಂತರು, ಹೆಚ್ಚು ಶುಚಿ. ಇನ್ನೊಂದು ಬಣ್ಣದವರು ದಡ್ಡರು, ಮರೆಗುಳಿಗಳು ಎಂದು ಹೇಳಿದರು. ಮಕ್ಕಳು ನಂಬಲಿ ಎಂದು ವಿಜ್ಞಾನದ ಹೆಸರಲ್ಲಿ ಒಂದು ಸುಳ್ಳನ್ನೂ ಸೇರಿಸಿದರು. ಕಣ್ಣಿಗೆ ಬಣ್ಣ ಕೊಡುವ ಮೆಲನಿನ್‌ಗೂ ಬುದ್ಧಿಗೂ ಸಂಬಂಧ ಇದೆ ಎಂದರು.

ಮೇಲಿನವರು ಎಂದಾದ ಮಕ್ಕಳಿಗೆ ಆಟದ ಸಮಯ ಐದು ನಿಮಿಷ ಜಾಸ್ತಿ. ಊಟದಲ್ಲಿ ಎರಡನೇ ಸಲ ಬಡಿಸಿಕೊಳ್ಳಬಹುದು. ಕೆಳಗಿನವರಿಗೆ ಅದಿಲ್ಲ. ಅವರು ಮೇಲಿನವರ ಜೊತೆ ಆಡುವ ಹಾಗಿಲ್ಲ. ನೀರಿನ ನಲ್ಲಿಗೆ ಬಾಯಿ ಹಚ್ಚುವ ಹಾಗಿಲ್ಲ. ನೀರು ಬೇಕಿದ್ದರೆ ಪೇಪರ್ ಕಪ್‌ನಲ್ಲಿ ಕುಡಿಯಬೇಕು.

ಓದುಗರೇ, ಈ ಪೇಪರ್ ಕಪ್ಪಿನ ಮಾತಿಗೆ ಬಂದಾಗ ನಾವು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಕಣ್ಣಿನ ಬಣ್ಣದ ಮೇಲೆ ಭೇದ ಮಾಡುವುದು ಹೇಗೆಂದು ಯೋಚಿಸಿದ ಅಯೋವಾದ ಟೀಚರ್‌ಗೆ ಮೊದಲು ಹೊಳೆದ ಉಪಾಯಗಳಲ್ಲಿ ಒಂದು, ಬೇರೆ ಲೋಟ! ನಮ್ಮ ಹಳ್ಳಿ ಹೋಟೆಲುಗಳಲ್ಲಿ ಗೋಡೆ ಮೇಲೆ ಬೇರೆಯಾಗಿ ಇಟ್ಟ ಲೋಟ, ತೆಂಗಿನ ಚಿಪ್ಪು, ಆಮೇಲೆ ಬಂದ ಪ್ಲಾಸ್ಟಿಕ್ ಲೋಟ ನೆನಪಾಗದೆ ಇರಲು ಸಾಧ್ಯವೇ? ಆಕೆಗೆ ನಮ್ಮ ಊರಿನ ಲೋಟದ ವಿಷಯ ಗೊತ್ತಿತ್ತು ಎಂದು ನಾವು ಹೇಳುತ್ತಿಲ್ಲ. ಅವರ ದೇಶದ ದಕ್ಷಿಣದ ರಾಜ್ಯಗಳಲ್ಲೇ ಬಿಳಿಯರಿಗೊಂದು, ಕಪ್ಪು ಜನರಿಗೊಂದು ನೀರಿನ ನಲ್ಲಿ ಇತ್ತು. ಮನುಷ್ಯರನ್ನು ಕೀಳು ಮಾಡಬೇಕು ಎಂದು ಹೊರಟವರು ಎಲ್ಲ ಕಡೆಯೂ ಮೊದಲು ಕೈ ಹಾಕುವುದು ನೀರಿಗೆ, ಅನ್ನಕ್ಕೆ.

ಸೋಮವಾರ ಟೀಚರ್ ಎಲ್ಲವನ್ನೂ ತಿರುವು ಮುರುವು ಮಾಡಿದರು. ಶುಕ್ರವಾರ ಕೆಳಗಿದ್ದವರು ಮೇಲೆ ಬಂದರು, ಮೇಲಿದ್ದವರು ಕೆಳಗಾದರು. ಕೊನೆಗೆ ಎಲ್ಲರನ್ನೂ ಕೂರಿಸಿಕೊಂಡು ಇದು ಸುಳ್ಳು, ನಾವು ಕಲಿಯಲು ಮಾಡಿದ್ದು ಎಂದು ಹೇಳಿ, ಅನಿಸಿದ್ದನ್ನು ಬರೆಯಿರಿ ಎಂದರು.

ಇಲ್ಲಿ ನಮ್ಮ ಕಸುಬಿನವರಿಗೂ ಒಂದು ಪಾತ್ರ ಇದೆ. ಮಕ್ಕಳು ಬರೆದದ್ದನ್ನು ಆ ಊರಿನ ಸಣ್ಣ ಪೇಪರ್ ರೈಸ್‌ವಿಲ್ ರೆಕಾರ್ಡರ್ ಅಚ್ಚು ಹಾಕಿತು. ಅದನ್ನು ಅಸೋಸಿಯೇಟೆಡ್ ಪ್ರೆಸ್ ಎತ್ತಿಕೊಂಡು ದೇಶಕ್ಕೆಲ್ಲ ಹಂಚಿತು. ಲೋಕಲ್ ಪೇಪರಿನಲ್ಲಿ ಬಂದ ಸುದ್ದಿಯನ್ನು ಯಾರು ನೋಡುತ್ತಾರೆ ಎಂದು ನಮ್ಮನ್ನು ಹೀಯಾಳಿಸುವವರಿಗೆ ಇದನ್ನು ಹೇಳಬೇಕು.

ಊರು ತಿರುಗಿಬಿತ್ತು

ಸುದ್ದಿ ಹಬ್ಬಿದ ಮೇಲೆ ಅಮೆರಿಕದ ಜನಪ್ರಿಯ ಟಿವಿ ಕಾರ್ಯಕ್ರಮ ಜಾನಿ ಕಾರ್ಸನ್ ಶೋ ಆಕೆಯನ್ನು ಕರೆಯಿತು. ಕಾರ್ಯಕ್ರಮ ಪ್ರಸಾರವಾದದ್ದೇ ತಡ, ಪತ್ರಗಳು ರಾಶಿ ಬಿದ್ದವು. ಒಂದು ಪತ್ರದ ಸಾರ ಇದು: ಕಪ್ಪು ಮಕ್ಕಳಿಗೆ ಇಂಥದ್ದು ಹುಟ್ಟಿನಿಂದ ಅಭ್ಯಾಸ ಇರುತ್ತದೆ, ಆದರೆ ಬಿಳಿ ಮಕ್ಕಳ ಮೇಲೆ ಇದನ್ನು ಮಾಡುವುದು ಕ್ರೌರ್ಯ, ಅವರ ಮನಸ್ಸು ಕೆಟ್ಟುಹೋಗುತ್ತದೆ!

ಇದನ್ನು ಇನ್ನೊಮ್ಮೆ ಓದಿ ನೋಡಿ. ಎರಡು ದಿನ ಅನುಭವಿಸಿದರೆ ಕ್ರೌರ್ಯ, ಜೀವಮಾನವಿಡೀ ಅನುಭವಿಸಿದರೆ ಅಭ್ಯಾಸ. ಆ ಪತ್ರ ಬರೆದವರು ತಮಗೆ ಅರಿವಿಲ್ಲದೆಯೇ ಟೀಚರ್ ಹೇಳಲು ಹೊರಟದ್ದನ್ನು ಒಂದು ಕಾಗದದಲ್ಲಿ ಹೇಳಿಬಿಟ್ಟಿದ್ದರು.

ಊರಲ್ಲೂ ಸಿಟ್ಟು ಕೆರಳಿತು. ಎಲಿಯಟ್ ಅವರ ತಂದೆ ತಾಯಿ ನಡೆಸುತ್ತಿದ್ದ ಹೋಟೆಲಿಗೆ ಗಿರಾಕಿಗಳು ಬರುವುದು ಕಡಿಮೆಯಾಯಿತು. ಅವರ ಸ್ವಂತ ಮಕ್ಕಳು ಬೈಗುಳ, ಹೊಡೆತ ತಿಂದರು. ಬಹಿಷ್ಕಾರ ಎಂಬ ಪದ ಅವರ ಭಾಷೆಯಲ್ಲಿ ಬೇರೆ ಇರಬಹುದು, ಆದರೆ ಮಾಡುವ ವಿಧಾನ ಮಾತ್ರ ನಮಗೆ ಪರಿಚಯದ್ದೇ. ಅಂಗಡಿಗೆ ಹೋಗಬೇಡಿ, ಮಾತಾಡಿಸಬೇಡಿ, ಮಕ್ಕಳಿಗೆ ನಾಲ್ಕು ಬಿಗಿಯಿರಿ. ಇಷ್ಟಾದರೂ ಆಕೆ ಅದೇ ಶಾಲೆಯಲ್ಲಿ, ಅದೇ ಪಾಠವನ್ನು ಮುಂದಿನ ವರ್ಷಗಳಲ್ಲೂ ಮಾಡಿದರು.

1970ರಲ್ಲಿ ಎಬಿಸಿ ಟಿವಿಯವರು ಬಂದು ತರಗತಿಯನ್ನು ಚಿತ್ರೀಕರಿಸಿದರು. ಆ ಸಲ ಕೆಳಗಿನವರ ಕುತ್ತಿಗೆಗೆ ಬಟ್ಟೆಯ ಪಟ್ಟಿ ಕಟ್ಟಿದ್ದರು, ದೂರದಿಂದಲೇ ಗುರುತು ಸಿಗಲಿ ಎಂದು. ಆ ಚಿತ್ರದಲ್ಲಿ ಎರಡು ಸಂಗತಿ ಮರೆಯುವಂಥದ್ದಲ್ಲ.

ಒಂದು, ಆಟದ ಹೊತ್ತಲ್ಲಿ ನಡೆದ ಜಗಳ. ಒಬ್ಬ ಹುಡುಗ ಇನ್ನೊಬ್ಬನ ಹೊಟ್ಟೆಗೆ ಗುದ್ದಿದ. ಯಾಕೆ ಎಂದರೆ, ಅವನು ನನ್ನನ್ನು ಕಂದು ಕಣ್ಣು ಎಂದು ಕರೆದ ಎಂದ. ಹಿಂದಿನ ದಿನದವರೆಗೆ ಕಂದು ಕಣ್ಣು ಎನ್ನುವುದು ಬೈಗುಳವಾಗಿರಲಿಲ್ಲ. ಅದು ಇದ್ದದ್ದನ್ನು ಇದ್ದ ಹಾಗೆ ಹೇಳುವ ಮಾತು. ಬೆಳಗಾಗುವಷ್ಟರಲ್ಲಿ ಅದು ಕಲ್ಲಾಗಿತ್ತು.

ಎರಡನೆಯದು, ಓದಿನ ಕಾರ್ಡುಗಳ ಪರೀಕ್ಷೆ. ಪಟ್ಟಿ ಕಟ್ಟಿಸಿಕೊಂಡ ದಿನ ಆ ಮಕ್ಕಳು ಕಾರ್ಡುಗಳನ್ನು ಓದಿ ಮುಗಿಸಲು ಐದೂವರೆ ನಿಮಿಷ ತೆಗೆದುಕೊಂಡರು. ಪಟ್ಟಿ ಬಿಚ್ಚಿ ಮೇಲಿನವರಾದ ದಿನ ಅದೇ ಮಕ್ಕಳು ಎರಡೂವರೆ ನಿಮಿಷದಲ್ಲಿ ಮುಗಿಸಿದರು. ಮಕ್ಕಳೂ ಅವರೇ, ಬುದ್ಧಿಯೂ ಅದೇ. ಪಟ್ಟಿಯದೇ ಯೋಚನೆ ಆಗಿತ್ತು ಎಂದು ಮಕ್ಕಳೇ ಹೇಳಿದರು. "ಆ ಹುಡುಗರಿಗೆ ಓದು ತಲೆಗೆ ಹತ್ತುವುದಿಲ್ಲ" ಎಂದು ನಮ್ಮ ಶಾಲೆ ಕಾಲೇಜುಗಳಲ್ಲಿ ಯಾರ ಬಗ್ಗೆಯಾದರೂ ಕೇಳಿದಾಗ ಈ ಐದೂವರೆ, ಎರಡೂವರೆಯ ಲೆಕ್ಕ ನೆನಪಿಡಬೇಕು.

ಹಳ್ಳಿಯಿಂದ ಯೂನಿವರ್ಸಿಟಿಗೆ

1984ರಲ್ಲಿ ಆ ಮಕ್ಕಳಲ್ಲಿ ಹಲವರು ದೊಡ್ಡವರಾಗಿ ಊರಿಗೆ ಮರಳಿ ಬಂದು ಟೀಚರ್ ಜೊತೆ ಕೂತು ಹಳೆಯ ಚಿತ್ರವನ್ನು ನೋಡಿದರು. ಆ ಭೇಟಿಯನ್ನು 1985ರಲ್ಲಿ ಪಿಬಿಎಸ್ ವಾಹಿನಿ ಫ್ರಂಟ್‌ಲೈನ್ ಕಾರ್ಯಕ್ರಮದಲ್ಲಿ ತೋರಿಸಿತು. ಆ ಪಾಠ ನಮ್ಮ ಜೊತೆ ಉಳಿದಿದೆ ಎಂದು ಅವರು ಹೇಳಿದರು. ಎಲಿಯಟ್ ಶಾಲೆಯ ಕೆಲಸ ಬಿಟ್ಟು ದೊಡ್ಡವರಿಗೆ ಕಾರ್ಯಾಗಾರ ಮಾಡಲು ಹೊರಟದ್ದೂ ಆ ಹೊತ್ತಿಗೇ. ಜೈಲು ಸಿಬ್ಬಂದಿ, ಕಂಪನಿ ನೌಕರರು, ಟೀಚರುಗಳು, ಆಮೇಲೆ ಕಾಲೇಜು ವಿದ್ಯಾರ್ಥಿಗಳು.

ದೊಡ್ಡವರ ಕಾರ್ಯಾಗಾರ ಇನ್ನೂ ಬಿಗಿ. ನೀಲಿ ಕಣ್ಣಿನವರಿಗೆ ಪಟ್ಟಿ ಕಟ್ಟಿ, ಕುರ್ಚಿ ಸಾಲದ ಕೋಣೆಯಲ್ಲಿ ಹೊತ್ತುಗಟ್ಟಲೆ ಕಾಯಿಸುತ್ತಿದ್ದರು. ಕಂದು ಕಣ್ಣಿನವರಿಗೆ ಪರೀಕ್ಷೆಯ ಉತ್ತರ ಮೊದಲೇ ಕೊಟ್ಟು, ಇಲ್ಲದವರನ್ನು ದಡ್ಡರು ಎನ್ನುತ್ತಿದ್ದರು. 2001ರ ದಿ ಆಂಗ್ರಿ ಐ ಎಂಬ ಸಾಕ್ಷ್ಯಚಿತ್ರದಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ್ದನ್ನು ನೋಡಬಹುದು. ಅದರಲ್ಲಿ ಬಿಳಿಯ ಹುಡುಗಿಯೊಬ್ಬಳು ತಡೆಯಲಾರದೆ ಅಳುತ್ತಾ ಹೊರನಡೆಯುತ್ತಾಳೆ. ಇಷ್ಟವಿಲ್ಲದಿದ್ದರೆ ಎದ್ದು ಹೋಗುವ ಬಾಗಿಲು ಅವಳಿಗಿದೆ, ಕಪ್ಪು ಬಣ್ಣದವರಿಗೆ ಆ ಬಾಗಿಲು ಎಲ್ಲಿದೆ ಎನ್ನುವುದೇ ಎಲಿಯಟ್ ಅವರ ವಾದ.

ಆ ಹೊತ್ತಿಗೆ ಯೂನಿವರ್ಸಿಟಿಗಳಿಗೂ ಇದರ ಅಗತ್ಯ ಬಿದ್ದಿತ್ತು. ಅಮೆರಿಕದಲ್ಲಿ ಅರವತ್ತರ ದಶಕದವರೆಗೂ ಎಷ್ಟೋ ಯೂನಿವರ್ಸಿಟಿಗಳು ಕಪ್ಪು ವಿದ್ಯಾರ್ಥಿಗಳನ್ನು ಒಳಗೇ ಬಿಡುತ್ತಿರಲಿಲ್ಲ. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಒಬ್ಬ ಕಪ್ಪು ವಿದ್ಯಾರ್ಥಿ ಮಿಸಿಸಿಪ್ಪಿ ಯೂನಿವರ್ಸಿಟಿಗೆ ಸೇರಲು ಸರ್ಕಾರ ಸೈನ್ಯವನ್ನೇ ಕಳಿಸಬೇಕಾಯಿತು. ಆ ಗಲಭೆಯಲ್ಲಿ ಇಬ್ಬರು ಸತ್ತರು. ಕಾನೂನು ಗೇಟು ತೆಗೆಸಿತು. ಆದರೆ ಗೇಟಿನ ಒಳಗೆ ಕೂತಿದ್ದ ಮೇಷ್ಟರು, ಗುಮಾಸ್ತರು, ಹಾಸ್ಟೆಲ್ ವಾರ್ಡನ್, ಪಕ್ಕದ ಬೆಂಚಿನ ಹುಡುಗ, ಇವರ ಮನಸ್ಸಿನ ಗೇಟು? ಅದನ್ನು ತೆಗೆಯಲು ಸೈನ್ಯ ಆಗುವುದಿಲ್ಲ. ಅದಕ್ಕೇ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ವರ್ಣಭೇದ ವಿರೋಧಿ ಶಿಕ್ಷಣ ಬೇಕು ಎಂಬ ಮಾತು ಹುಟ್ಟಿತು.

ಬ್ರಿಟನ್ನಿನಲ್ಲೂ ಇದೇ. ಅಲ್ಲಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ 2019ರಲ್ಲಿ ಯೂನಿವರ್ಸಿಟಿಗಳ ಬಗ್ಗೆ ಒಂದು ವರದಿ ಕೊಟ್ಟಿತು. ಅಲ್ಪಸಂಖ್ಯಾತ ಜನಾಂಗದ ವಿದ್ಯಾರ್ಥಿಗಳಲ್ಲಿ ಶೇ. 24ರಷ್ಟು ಮಂದಿ ಓದಲು ಸೇರಿದ ಮೇಲೆ ಜನಾಂಗೀಯ ಕಿರುಕುಳ ಅನುಭವಿಸಿದ್ದರು. ಕಿರುಕುಳ ಅನುಭವಿಸಿದ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಯೂನಿವರ್ಸಿಟಿಗೆ ದೂರೇ ಕೊಟ್ಟಿರಲಿಲ್ಲ. ಮಾರನೆಯ ವರ್ಷ ಅಲ್ಲಿನ ಯೂನಿವರ್ಸಿಟಿಗಳ ಒಕ್ಕೂಟ ಸಿಬ್ಬಂದಿ, ವಿದ್ಯಾರ್ಥಿಗಳಿಬ್ಬರಿಗೂ ತರಬೇತಿ ಬೇಕೆಂದು ಸಲಹೆ ಹೊರಡಿಸಿತು.

ಪಾಠದಿಂದ ಫಲ ಸಿಕ್ಕಿತೇ?

ಇಲ್ಲಿಗೆ ಕಥೆ ಮುಗಿಸಿದರೆ ಚೆಂದ. ಆದರೆ ವರದಿಗಾರರಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು.

ಎಲಿಯಟ್ ಅವರ ಪಾಠವನ್ನು ಅಮೆರಿಕದ ಸಂಶೋಧಕರು ಟೀಚರ್ ಆಗಲು ಓದುತ್ತಿದ್ದ ಯೂನಿವರ್ಸಿಟಿ ವಿದ್ಯಾರ್ಥಿಗಳ ಮೇಲೆ ಮಾಡಿ, ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಬಹುತೇಕ ಎಲ್ಲರೂ ಅನುಭವ ಅರ್ಥಪೂರ್ಣ ಎಂದರು, ಬಹುತೇಕ ಎಲ್ಲರೂ ಒತ್ತಡ ಅನುಭವಿಸಿದರು. ಮನಸ್ಸಿನ ಬದಲಾವಣೆ ಮಾತ್ರ ಸಾಧಾರಣ. ಅಳು ಬಂದಷ್ಟು ಬದಲಾವಣೆ ಬರಲಿಲ್ಲ.

ಅಯೋವಾ ಯೂನಿವರ್ಸಿಟಿಯ ಪತ್ರಿಕೋದ್ಯಮದ ಪ್ರೊಫೆಸರ್ ಸ್ಟೀಫನ್ ಬ್ಲೂಮ್ ವರ್ಷಗಟ್ಟಲೆ ಈ ವಿಷಯದ ಹಿಂದೆ ಬಿದ್ದು, 2021ರಲ್ಲಿ ಎಲಿಯಟ್ ಅವರನ್ನು ಕಟುವಾಗಿ ಟೀಕಿಸುವ ಪುಸ್ತಕ ಬರೆದರು. ಎಂಟು ವರ್ಷದ ಮಕ್ಕಳು ಹೂಂ ಎಂದದ್ದು ಒಪ್ಪಿಗೆ ಆಗುತ್ತದೆಯೇ? ಇದನ್ನು ನಾವೂ ನಮ್ಮಲ್ಲೇ ಕೇಳಿಕೊಂಡೆವು. ನಮ್ಮ ಮಗುವಿಗೆ ಹೀಗೆ ಪಟ್ಟಿ ಕಟ್ಟಿದರೆ ಶಾಲೆಗೆ ಹೋಗಿ ಜಗಳ ಮಾಡದೆ ಬಿಡುತ್ತಿದ್ದೆವೇ? ಖಂಡಿತ ಇಲ್ಲ. ಹಾಗಾಗಿ ರೈಸ್‌ವಿಲ್ ಜನರ ಸಿಟ್ಟೆಲ್ಲ ಬರೀ ಬಣ್ಣದ ಸಿಟ್ಟು ಎಂದು ಹೇಳುವುದೂ ಅನ್ಯಾಯ.

ಅರ್ಧ ದಿನದ ತರಬೇತಿಗಳ ಕಥೆಯೂ ಅಷ್ಟೆ. ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಲೆವ್ ಎಂಬ ಸಮಾಜಶಾಸ್ತ್ರಜ್ಞರು ಇನ್ನೊಬ್ಬರ ಜೊತೆ ಸೇರಿ ಅಮೆರಿಕದ 708 ಖಾಸಗಿ ಸಂಸ್ಥೆಗಳ ಲೆಕ್ಕ ನೋಡಿ 2006ರಲ್ಲಿ ಪ್ರಕಟಿಸಿದರು. ಬರೀ ತರಬೇತಿ ಕೊಟ್ಟ ಕಡೆ ಮಹಿಳೆಯರು, ಕಪ್ಪು ಜನರು ಮೇಲಿನ ಹುದ್ದೆಗೆ ಬಂದದ್ದು ಕಡಿಮೆ. ಇದು ಇಂಥವರ ಹೊಣೆ ಎಂದು ಗೊತ್ತುಮಾಡಿ, ಲೆಕ್ಕ ಕೇಳಿದ ಕಡೆ ಹೆಚ್ಚು. ಅಂದರೆ ಹಾಲ್‌ನಲ್ಲಿ ಕೂರಿಸಿ, ಪವರ್‌ಪಾಯಿಂಟ್ ತೋರಿಸಿ, ಹಾಜರಾತಿಗೆ ಸಹಿ ಹಾಕಿಸಿಕೊಂಡು, ಟೀ ಬಿಸ್ಕತ್ತು ಕೊಟ್ಟು ಕಳಿಸಿದರೆ ಆಗುವುದಿಲ್ಲ. ನಮ್ಮ ಕಡೆಯ ಎಷ್ಟೋ ಸರ್ಕಾರಿ ತರಬೇತಿಗಳನ್ನು ವರದಿ ಮಾಡಲು ಹೋಗಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪಾಠ ಬೇಡ ಎಂದು ಇದರ ಅರ್ಥವಲ್ಲ. ಪಾಠ ಕಣ್ಣು ತೆರೆಸಬಹುದು. ತೆರೆದ ಕಣ್ಣು ಮತ್ತೆ ಮುಚ್ಚದ ಹಾಗೆ ನೋಡಿಕೊಳ್ಳಲು ನಿಯಮ ಬೇಕು, ದೂರು ಕೇಳುವ ಕಿವಿ ಬೇಕು, ತಪ್ಪು ಮಾಡಿದ ಮೇಷ್ಟರನ್ನೂ ಕೇಳುವ ಧೈರ್ಯ ಬೇಕು.

ನಮ್ಮ ಪಕ್ಕದ ರೂಮು

ಇದೆಲ್ಲ ಅಮೆರಿಕದ ವಿಷಯ, ನಮಗೇನು ಎನ್ನುವ ಹಾಗಿಲ್ಲ. ನಮ್ಮ ಬೆಂಗಳೂರಿಗೆ ಆಫ್ರಿಕಾದಿಂದ, ಈಶಾನ್ಯ ರಾಜ್ಯಗಳಿಂದ ಓದಲು ಬರುವ ಮಕ್ಕಳು ಬಹಳ. 2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಕಡೆ ಕಾರೊಂದು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಕಾರು ಓಡಿಸುತ್ತಿದ್ದವನು ಸುಡಾನ್ ದೇಶದವನು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಏನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಆಕೆ ಮಾಡಿದ ತಪ್ಪು ಒಂದೇ, ಅದೇ ಬಣ್ಣ.

2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯ ಲಾಜಪತ್ ನಗರದಲ್ಲಿ ಹೊಡೆತ ತಿಂದು ಸತ್ತ. ಆಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ರಚಿಸಿತು. ಈಶಾನ್ಯದ ಚರಿತ್ರೆಯನ್ನು ಉಳಿದ ರಾಜ್ಯಗಳ ಪಠ್ಯದಲ್ಲಿ ಸೇರಿಸಬೇಕು ಎನ್ನುವುದು ಅದರ ಸಲಹೆಗಳಲ್ಲಿ ಒಂದು. ಅದಕ್ಕೂ ಮೊದಲೇ, 2012ರಲ್ಲಿ, ಯುಜಿಸಿ ಜಾತಿ, ಧರ್ಮ, ಭಾಷೆ, ಜನಾಂಗದ ಹೆಸರಲ್ಲಿ ತಾರತಮ್ಯ ತಡೆಯಲು ನಿಯಮ ತಂದು, ಕಾಲೇಜುಗಳಲ್ಲಿ ಅದಕ್ಕೊಬ್ಬ ಅಧಿಕಾರಿ ಇರಬೇಕು ಎಂದಿತ್ತು. ನಾವು ಓದಿದ ಕಾಲೇಜಿನಲ್ಲಿ ಅಂಥ ಅಧಿಕಾರಿ ಯಾರು ಎಂದು ನಮಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಕೇಳಬೇಕಿತ್ತು. ಯಾಕೆಂದು ಹೇಳುತ್ತೇವೆ.

ನಾವು ನಾಲ್ಕೈದು ಜನ ಹಳ್ಳಿಯಿಂದ ಹೋಗಿ ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಪಕ್ಕದ ರೂಮಿನಲ್ಲಿ ಮಣಿಪುರದ ಹುಡುಗನಿದ್ದ. ಅವನನ್ನು ನಾವು "ಚೈನಾ" ಎಂದು ಕರೆಯುತ್ತಿದ್ದೆವು. ಪ್ರೀತಿಯಿಂದಲೇ ಎಂದು ಅಂದುಕೊಂಡಿದ್ದೆವು. ಅವನೂ ನಗುತ್ತಿದ್ದ. ನಮ್ಮ ಹಳ್ಳಿ ಕನ್ನಡ ಕೇಳಿ ಕ್ಲಾಸಿನ ಸಿಟಿ ಹುಡುಗರು ನಕ್ಕಾಗ ನಾವೂ ಹಾಗೇ ನಗುತ್ತಿದ್ದೆವು. ಆ ನಗು ಎಂಥದ್ದೆಂದು ನಮಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನ ನಗು ನಮಗೆ ಅರ್ಥವಾಗಲಿಲ್ಲ.

2012ರ ಆಗಸ್ಟ್. ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಗಾಳಿಸುದ್ದಿ ಮೊಬೈಲಿನಲ್ಲಿ ಹರಿದಾಡಿ, ಸಾವಿರಾರು ಜನ ಬೆಂಗಳೂರು ಸ್ಟೇಷನ್ನಿಗೆ ಓಡಿದ ದಿನಗಳು. ಗುವಾಹಟಿಗೆ ವಿಶೇಷ ರೈಲು ಬಿಟ್ಟಿದ್ದರು. ಪಕ್ಕದ ರೂಮಿನವನು ಬ್ಯಾಗು ತುಂಬಿಕೊಂಡು ಹೊರಟ. ನಾವಿದ್ದೀವಿ, ಹೋಗಬೇಡ ಮಾರಾಯ ಎಂದೆವು. ಅವನು ನಮ್ಮ ಮುಖ ನೋಡಿದ, ಏನೂ ಹೇಳಲಿಲ್ಲ. ಎರಡು ವರ್ಷ ಅವನನ್ನು ಬೇರೆ ದೇಶದವನ ಹೆಸರಿನಿಂದ ಕರೆದವರು ಈಗ ನೀನು ನಮ್ಮವನು ಎಂದರೆ ಅವನಾದರೂ ಹೇಗೆ ನಂಬಬೇಕು?

ರೈಸ್‌ವಿಲ್ ಶಾಲೆಯ ಆ ಹುಡುಗ ಕಂದು ಕಣ್ಣು ಎಂದಿದ್ದಕ್ಕೆ ತಕ್ಷಣ ಗುದ್ದಿದ, ಲೆಕ್ಕ ಅಲ್ಲೇ ಚುಕ್ತಾ ಆಯಿತು. ನಮ್ಮ ಪಕ್ಕದ ರೂಮಿನವನು ಗುದ್ದಲಿಲ್ಲ. ತಿಂಗಳ ನಂತರ ಮರಳಿ ಬಂದ, ಪರೀಕ್ಷೆ ಬರೆದ, ಹೋದ. ನಾವು ಅವನನ್ನು ಆಮೇಲೆ ಹೆಸರು ಹಿಡಿದೇ ಕರೆದೆವು. ಅದನ್ನು ಮೊದಲ ದಿನವೇ ಕಲಿಸುವ ಒಬ್ಬ ಮೇಷ್ಟರು ನಮ್ಮ ಕಾಲೇಜಿನಲ್ಲಿ ಇರಬೇಕಿತ್ತು ಎಂದು ಈಗ ಅನಿಸುತ್ತದೆ.

ನಿಮ್ಮ ಮನೆಯ ಮಗ ಅಥವಾ ಮಗಳು ಈ ವರ್ಷ ಕಾಲೇಜಿಗೆ ಹೊರಟಿದ್ದರೆ, ಹಾಸ್ಟೆಲ್ ಫೀಸು ಎಷ್ಟು, ಊಟ ಹೇಗೆ ಎಂದು ಕೇಳುವಾಗ ಇನ್ನೊಂದನ್ನೂ ಕೇಳಿ. ನಿನ್ನ ಪಕ್ಕದ ರೂಮಿನಲ್ಲಿ ಯಾರಿದ್ದಾರೆ, ಅವರನ್ನು ನೀನು ಏನೆಂದು ಕರೆಯುತ್ತೀಯ?